ಉದ್ದ ಲಂಗದ ಪೋಕರಿಗಳು

ಮಸ್ಕತ್ತಿನ ಅಲ್ ಗುಬ್ರಾದ ಆ ಲೇಡೀಸ್ ಟೈಲರ್ ಅಂಗಡಿಗೆ ಶಾಲೆಯ ಲಂಗವನ್ನು ಉದ್ದ ಮಾಡಿಸಲು ತಾಯಂದಿರು ಬರುತ್ತಿದ್ದರು, ಗಿಡ್ಡ ಮಾಡಿಸಲು ಮಕ್ಕಳು ಬರುತ್ತಿದ್ದರು. ಹದಿನೆಂಟು ವರ್ಷದಿಂದ ಅಲ್ಲಿ ಹೊಲಿಯುತ್ತಿದ್ದ ಹಸೀಬಾ ಇದಕ್ಕೆ ಹೊರತಾದದ್ದನ್ನು ಕಂಡದ್ದಿಲ್ಲ. ಹಾಗಾಗಿ ಬೇಸಿಗೆ ರಜೆ ಮುಗಿದ ವಾರ ಹತ್ತನೇ ಕ್ಲಾಸಿನ ಸೌಮ್ಯಶ್ರೀ ಒಬ್ಬಳೇ ಬಂದು, ಚೀಲದಿಂದ ನೀಲಿ ಲಂಗ ತೆಗೆದು, "ಆಂಟಿ, ಇದು ಇಲ್ಲಿವರೆಗೆ ಬರ್ಬೇಕು" ಎಂದು ಪಾದದ ಗಂಟು ತೋರಿಸಿದಾಗ ಹಸೀಬಾ ಕೊರಳಿನ ಟೇಪಿಗೆ ಕೈ ಹಾಕಲೇ ಇಲ್ಲ.

"ಯಾರು ಹೇಳಿದ್ದು? ಅಮ್ಮನಾ?"

"ಅಮ್ಮನಿಗೆ ಗೊತ್ತಿಲ್ಲ."

ಅಮ್ಮನಿಗೆ ಗೊತ್ತಿಲ್ಲದೆ ಗಿಡ್ಡ ಮಾಡಿಸುವುದಾದರೆ ಅದು ಹಸೀಬಾಗೆ ಅರ್ಥವಾಗುವ ಸಂಗತಿ. ಗುಟ್ಟಾಗಿ ಉದ್ದ ಮಾಡಿಸುವುದೆಂದರೆ ಏನು? ಅವಳು ಹುಡುಗಿಯ ಕಾಲನ್ನು ಒಮ್ಮೆ ನೋಡಿದಳು. ಗಾಯವಿಲ್ಲ, ಕಲೆಯಿಲ್ಲ. ಯಾರಾದರೂ ಏನಾದರೂ ಅಂದರೋ ಎಂದು ಕೇಳಿದಳು. ಅದೂ ಇಲ್ಲ.

"ಜಪಾನಿನಲ್ಲಿ ಐವತ್ತು ವರ್ಷದ ಹಿಂದೆ ಹೀಗೆ ಹಾಕ್ತಿದ್ರು ಆಂಟಿ. ಸುಕೆಬಾನ್ ಅಂತ. ಬ್ಯಾಡ್ ಗರ್ಲ್ಸ್. ಗ್ಯಾಂಗ್ ಇತ್ತು ಅವರದ್ದು."

"ಪೋಕರಿ ಹುಡುಗಿಯರಾ?"

"ಹ್ಞೂಂ."

"ಪೋಕರಿಗಳು ಲಂಗ ಉದ್ದ ಮಾಡಿಸ್ತಿದ್ರಾ?"

ಸೌಮ್ಯಶ್ರೀ ತಲೆಯಾಡಿಸಿದಳು. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ವಿಕ್ಟೋರಿಯಾ ಬಾಯಿ ಕನ್ನಡಕದ ಮೇಲಿಂದ ನೋಡಿದಳು. ಅವಳು ಮಂಗಳೂರಿನ ಬಿಜೈಯವಳು; ಗಂಡ ತೀರಿಕೊಂಡ ಮೇಲೂ ಮಸ್ಕತ್ತಿನಲ್ಲೇ ಉಳಿದವಳು. ಹಸೀಬಾ ಅಂಗಡಿಗೆ ಸೇರಿದ ದಿನದಿಂದ ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತವರು.

"ಇದರ ಅಂಚಿನೊಳಗೆ ಎರಡೇ ಇಂಚು ಬಟ್ಟೆ ಉಂಟು ಮಗಾ" ಎಂದಳು ಹಸೀಬಾ, ಬೇರೇನು ಹೇಳುವುದೆಂದು ತೋಚದೆ. "ಬಿಚ್ಚಿದರೂ ಮೊಣಕಾಲಿನ ಕೆಳಗೆ ಬರುವುದಿಲ್ಲ. ಹೊಸತೇ ಹೊಲಿಯಬೇಕು."

"ಹೊಸತೇ ಹೊಲೀರಿ. ಶಾಲೆಗೆ ಹಾಕ್ಲಿಕ್ಕೆ ಅಲ್ಲ."

ವಿಷಯ ಮೆಲ್ಲಮೆಲ್ಲನೆ ಹೊರಗೆ ಬಂತು. ಹುಡುಗಿ ಚಿತ್ರಕತೆ ಬರೆಯುತ್ತಿದ್ದಳು, ಜಪಾನಿನವರು ಬರೆಯುವ ಮಂಗಾದ ಹಾಗೆ. ನವೆಂಬರಿನಲ್ಲಿ ಮಸ್ಕತ್ತಿನ ಒಂದು ಮಾಲಿನಲ್ಲಿ ಕಾಮಿಕ್ಸ್ ಮೇಳ ಇತ್ತು. ಅಲ್ಲಿ ಒಂದು ಮೇಜು ಸಿಕ್ಕಿತ್ತು. ಅವಳ ಕತೆಯ ಹುಡುಗಿಯರು ಇಂಥ ಲಂಗದವರು. ಮೇಳಕ್ಕೆ ತಾನೂ ಅದನ್ನೇ ಹಾಕಿಕೊಂಡು ಹೋಗಬೇಕು. ಅದಕ್ಕಿಂತ ಮುಖ್ಯ, ಅಷ್ಟು ಮಡಿಕೆಯ ಉದ್ದ ಲಂಗ ಓಡುವಾಗ ಹೇಗೆ ಬೀಳುತ್ತದೆ, ಕೂತಾಗ ಹೇಗೆ ಹರಡುತ್ತದೆ ಎಂದು ನೋಡಿ ಚಿತ್ರ ಬಿಡಿಸಬೇಕು.

ಈ ಕೊನೆಯ ಮಾತು ಹಸೀಬಾಳನ್ನು ಗೆದ್ದಿತು. ಬಟ್ಟೆ ಹೇಗೆ ಬೀಳುತ್ತದೆ ಎಂದು ಈವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಯಾವಾಗ ಸಿಗುತ್ತದೆ ಎಂದಷ್ಟೇ ಕೇಳುತ್ತಿದ್ದರು.

ಮುಂದಿನ ಗುರುವಾರಗಳಲ್ಲಿ ಸೌಮ್ಯಶ್ರೀ ಟ್ಯೂಷನ್ ಮುಗಿಸಿ ಅಂಗಡಿಗೆ ಬರತೊಡಗಿದಳು. ಅವಳ ಅಮ್ಮ ಕುಸುಮ ಇನ್ಶೂರೆನ್ಸ್ ಆಫೀಸಿನಿಂದ ಕಾರು ತರುವ ತನಕ ಮುಕ್ಕಾಲು ಗಂಟೆ ಸಿಗುತ್ತಿತ್ತು. ಹುಡುಗಿ ಫೋನಿನಲ್ಲಿ ಚಿತ್ರ ತೋರಿಸುವಳು. ಉದ್ದ ಲಂಗದವರಾದ ಮೇಲೆ ಬಂದ ಇನ್ನೊಂದು ಗುಂಪು ಗ್ಯಾರು. ಅವರು ಮುಖವನ್ನು ಬಿಸಿಲಿಗೆ ಸುಟ್ಟ ಹಾಗೆ ಕಂದು ಮಾಡಿಕೊಂಡು, ಕೂದಲಿಗೆ ಬಣ್ಣ ಹಾಕಿ, ಅದೇ ಶಾಲೆಯ ಲಂಗವನ್ನು ತೊಡೆಯ ತನಕ ಗಿಡ್ಡ ಮಾಡಿ, ಕಾಲುಚೀಲವನ್ನು ಕೆಳಕ್ಕೆ ಮುದ್ದೆಯಾಗಿ ಬಿಟ್ಟವರು. ಅವರ ಬಳಿಕ ಬಂದವರು ಬೊಂಬೆಯ ಹಾಗೆ ಗಲ್ಲದಿಂದ ಪಾದದ ತನಕ ಲೇಸು ಹಾಕಿಕೊಂಡವರು.

"ಇದು ನಮ್ಮ ಇಗರ್ಜಿಯಲ್ಲಿ ಮೊದಲ ಪರಮ ಪ್ರಸಾದಕ್ಕೆ ಹಾಕುವ ಫ್ರಾಕಲ್ವಾ" ಎಂದಳು ವಿಕ್ಟೋರಿಯಾ ಬಾಯಿ. "ಇವರೂ ಕೆಟ್ಟವರಾ?"

"ಕೆಟ್ಟವರಲ್ಲ. ದೊಡ್ಡವರು ಹೇಳಿದ ಹಾಗೆ ದೊಡ್ಡವರಾಗ್ಲಿಕ್ಕೆ ಮನಸ್ಸಿಲ್ಲದವರು."

ಹಸೀಬಾ ಫೋನನ್ನು ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದಳು. "ಉದ್ದ ಮಾಡಿದವರೂ ಪೋಕರಿ, ಗಿಡ್ಡ ಮಾಡಿದವರೂ ಪೋಕರಿ, ಮೈಯೆಲ್ಲ ಮುಚ್ಚಿಕೊಂಡವರೂ ಹೇಳಿದ್ದು ಕೇಳದವರು. ಹಾಗಾದ್ರೆ ಒಳ್ಳೆ ಹುಡುಗಿಯ ಅಳತೆ ಯಾವುದು?"

"ಯೂನಿಫಾರ್ಮಿನ ಅಳತೆ ಆಂಟಿ. ಅದನ್ನು ಬಿಟ್ಟು ಯಾವ ಕಡೆ ಹೋದ್ರೂ ಕತೆ ಶುರುವಾಗ್ತದೆ. ಮಂಗಾ ಬರೆಯುವವರು ಅಲ್ಲಿಂದಲೇ ಹಿಡಿಯುದು."

ಹಸೀಬಾ ತನ್ನ ಅಬಾಯಾದ ಅಂಚನ್ನು ನೋಡಿಕೊಂಡಳು. ಅದು ಪಾದ ಮುಟ್ಟುತ್ತಿತ್ತು. ಅದರಿಂದ ಏನನ್ನೂ ಹೇಳಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅಥವಾ ತಾನು ಹೇಳದಿದ್ದರೂ ಅದು ಏನಾದರೂ ಹೇಳುತ್ತಿತ್ತೋ ಏನೋ.

ಹೀಗೆ ಒಂದು ಗುರುವಾರ, ಇಪ್ಪತ್ತನಾಲ್ಕು ಮಡಿಕೆಗೆ ಗುಂಡುಸೂಜಿ ಚುಚ್ಚುತ್ತ ಕೂತಿದ್ದಾಗ, "ಗ್ಯಾಂಗು ಅಂದರೆ ನಮ್ಮದೂ ಒಂದಿತ್ತು" ಎಂದು ಹಸೀಬಾಳ ಬಾಯಿಂದ ಬಂದುಬಿಟ್ಟಿತು.

ಅವಳಿಗಾಗ ಹದಿನಾರು. ಮಂಗಳೂರಿನ ಹತ್ತಿರದ ಬಿ.ಸಿ. ರೋಡಿನಲ್ಲಿ ಇವ್ಲಿನ್ ಬಾಯಿಯ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದ ಐದು ಜನ ಬ್ಯಾರಿ ಹುಡುಗಿಯರು ಒಟ್ಟಿಗೇ ಬಸ್‌ಸ್ಟ್ಯಾಂಡಿಗೆ ನಡೆಯುವರು. ಐವರ ಕತ್ತರಿಯ ಹಿಡಿಕೆಗೂ ಹಳದಿ ನೂಲು ಸುತ್ತಿತ್ತು. ಬಸ್‌ಸ್ಟ್ಯಾಂಡಿನ ಹುಡುಗರು ದಿನಾ ಏನಾದರೂ ಅನ್ನುವರು. ಒಂದು ದಿನ ಒಬ್ಬ, ಐವರಲ್ಲಿ ಒಬ್ಬಳಾದ ಸಾರಮ್ಮನ ತಲೆಯ ಬಟ್ಟೆ ಹಿಡಿದೆಳೆದ. ಸಾರಮ್ಮ ತಿರುಗಿ ನಿಂತು, ಕತ್ತರಿ ತೆಗೆದು, ಅವನ ಅಂಗಿಯ ಜೇಬನ್ನು ಕತ್ತರಿಸಿ ಕೈಯಲ್ಲಿ ಕೊಟ್ಟಳು. ಅಂಗಿಗೆ ಒಂದು ಗೀರೂ ಬೀಳದ ಹಾಗೆ, ಹೊಲಿಗೆಯ ಗೆರೆಯಲ್ಲೇ.

ಸೌಮ್ಯಶ್ರೀಯ ಪೆನ್ಸಿಲ್ ನಿಂತಿತು. "ಆಮೇಲೆ?"

"ಆಮೇಲೆ ಎಂತ. ಅವನ ಅಪ್ಪ ಕ್ಲಾಸಿಗೆ ಬಂದು ಗಲಾಟೆ ಮಾಡಿದ. ಐದೂ ಕತ್ತರಿ ಒಂದೇ ತರ ಇದ್ದದ್ದಲ್ವಾ, ಇವ್ಲಿನ್ ಬಾಯಿ ಯಾರ ಕತ್ತರಿ ಅಂತ ಕೇಳಿದರು. ಸಾರಮ್ಮ ಕ್ಲಾಸು ಬಿಟ್ಟಳು."

"ನೀವು?"

"ನಾನು ಅಲ್ಲೇ ಇದ್ದೆ" ಎಂದಳು ಹಸೀಬಾ. ಅಷ್ಟರಲ್ಲಿ ಹೊರಗೆ ಕುಸುಮಳ ಕಾರಿನ ಹಾರ್ನ್ ಕೇಳಿತು.

ಲಂಗ ಅಕ್ಟೋಬರಿಗೆ ಸಿದ್ಧವಾಯಿತು. ಅದನ್ನು ಉಟ್ಟು ಹುಡುಗಿ ಅಂಗಡಿಯೊಳಗೆ ನಾಲ್ಕು ಹೆಜ್ಜೆ ಓಡಿದಾಗ ಮಡಿಕೆಗಳು ಒಂದರ ಹಿಂದೊಂದು ತೆರೆದು ಮುಚ್ಚಿದವು. ವಿಕ್ಟೋರಿಯಾ ಬಾಯಿ ಕೂಡ ಸೂಜಿ ಕೆಳಗಿಟ್ಟಳು.

ಎರಡು ದಿನ ಬಿಟ್ಟು ಕುಸುಮ ಬಂದಳು, ಲಂಗ ಇದ್ದ ಚೀಲ ಹಿಡಿದುಕೊಂಡು. ಸಿಟ್ಟಿನಿಂದ ಬಂದವಳ ಹಾಗೆ ಕಾಣಲಿಲ್ಲ. ಸ್ಟೂಲಿನಲ್ಲಿ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

"ಹಸೀಬಾ, ಇದು ನೀವು ಹೊಲಿದದ್ದಂತೆ. ನಾನು ನೆಟ್ಟಲ್ಲಿ ನೋಡಿದೆ. ಬ್ಲೇಡು, ಚೈನು ಇಟ್ಟುಕೊಂಡು ಹೊಡೆದಾಡುವ ಹುಡುಗಿಯರ ಡ್ರೆಸ್ಸಂತೆ ಇದು."

"ನನಗೂ ಹಾಗೇ ಹೇಳಿದಳು ಕುಸುಮಕ್ಕ."

"ಮನೆಯಲ್ಲಿ ನಾನು ಹತ್ತು ಕೇಳಿದ್ರೆ ಒಂದಕ್ಕೆ ಇಂಗ್ಲಿಷಲ್ಲಿ ಉತ್ತರ. ನಿಮ್ಮ ಹತ್ರ ಮುಕ್ಕಾಲು ಗಂಟೆ ಮಾತಾಡ್ತಾಳೆ. ಎಂತ ಮಾತಾಡುದು ಅವಳು? ಹುಡುಗಿ ಹಾಳಾಗ್ತಾ ಇದ್ದಾಳಾ? ನಿಮಗೆ ಏನು ಕಾಣ್ತದೆ?"

ಇಲ್ಲ ಎಂದರೆ ಸುಳ್ಳಾಗುತ್ತದೋ, ಹೌದು ಎಂದರೆ ಸುಳ್ಳಾಗುತ್ತದೋ ಹಸೀಬಾಗೇ ತಿಳಿಯಲಿಲ್ಲ. "ಲಂಗ ಪಾದದ ತನಕ ಉಂಟಲ್ಲ ಕುಸುಮಕ್ಕ" ಎಂದಳು ಕೊನೆಗೆ. ಹೇಳಿದ ಮೇಲೆ ಅದು ಯಾವುದಕ್ಕೂ ಉತ್ತರವಲ್ಲ ಅನ್ನಿಸಿತು. ಆದರೆ ಕುಸುಮ ಚೀಲದೊಳಗೆ ಕೈ ಹಾಕಿ, ಮಡಿಕೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಹೊಲಿಗೆ ಚೆಂದ ಉಂಟು" ಎಂದಳು. ಲಂಗವನ್ನು ವಾಪಸು ತೆಗೆದುಕೊಂಡೇ ಹೋದಳು.

ಮರುವಾರ ಸೌಮ್ಯಶ್ರೀ ತನ್ನ ಕತೆಯ ಹಾಳೆಗಳನ್ನು ತಂದಳು. ಅವಳ ಗ್ಯಾಂಗು ಈಗ ಜಪಾನಿನಲ್ಲಿ ಇರಲಿಲ್ಲ. ಉದ್ದ ಲಂಗದ ಐದು ಹುಡುಗಿಯರು ಕೆಂಪು ಮಣ್ಣಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಲಂಗ ಜಪಾನಿನದ್ದು, ತಲೆಯ ಬಟ್ಟೆ ಬಿ.ಸಿ. ರೋಡಿನದ್ದು. ಜೇಬು ಕತ್ತರಿಸುವ ಪುಟದಲ್ಲಿ ಕತ್ತರಿ ಹಾಳೆಯ ಈ ಮೂಲೆಯಿಂದ ಆ ಮೂಲೆಯ ತನಕ ಇತ್ತು. ಹಸೀಬಾ ನಗುತ್ತಾ ಪುಟ ತಿರುವಿದಳು. ನಗು ಅಲ್ಲಿಗೇ ನಿಂತಿತು. ಹೊಲಿಗೆ ಕ್ಲಾಸಿನ ಮಧ್ಯೆ ಒಬ್ಬಳು ಎದ್ದು ನಿಂತಿದ್ದಳು. ಗಲ್ಲದಲ್ಲಿ ಹಸೀಬಾಗೆ ಇರುವ ಕಡೆಯೇ ಮಚ್ಚೆ. ಅವಳ ಬಾಯಿಯ ಪಕ್ಕದ ಮಾತಿನ ಗುಳ್ಳೆಯಲ್ಲಿ ಬರೆದಿತ್ತು: ಕತ್ತರಿ ನನ್ನದು.

"ಇದು ಹೀಗಾಗಿಲ್ಲ" ಎಂದಳು ಹಸೀಬಾ.

"ನೀವು ಅಲ್ಲೇ ಇದ್ದೆ ಅಂದ್ರಲ್ಲ."

"ಇದ್ದೆ. ಇದ್ದು ಮೆಶಿನಿನ ಚಕ್ರ ನೋಡ್ತಾ ಕೂತಿದ್ದೆ. ಒಂದು ಮಾತೂ ಆಡಲಿಲ್ಲ."

ಹುಡುಗಿ ಹಾಳೆಯನ್ನೂ ಅವಳನ್ನೂ ನೋಡಿದಳು. "ಬದಲಾಯಿಸ್ಬೇಕಾ?" ಎಂದು ಮೆಲ್ಲಗೆ ಕೇಳಿದಳು. ಹಸೀಬಾ ನಾಡಿದ್ದು ಹೇಳುತ್ತೇನೆ ಎಂದಳು.

ಮೂವತ್ತು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತದು. ಸಾರಮ್ಮ ದೂರದಲ್ಲೇನೂ ಇರಲಿಲ್ಲ; ಅವಳ ಗಂಡ ಮಮ್ಮದ್ ಒಮಾನಿನ ಉತ್ತರ ತುದಿಯ ಖಸಬ್‌ನ ಬಂದರಿನ ಬಳಿ ಮೀನಿನ ಬಲೆ, ಹಗ್ಗದ ಅಂಗಡಿ ಇಟ್ಟಿದ್ದ. ಒಂದೇ ದೇಶದಲ್ಲಿದ್ದೂ ಹಬ್ಬಕ್ಕೊಂದು ವಾಟ್ಸಾಪ್ ಮೆಸೇಜಿನ ಆಚೆ ಇಬ್ಬರ ನಡುವೆ ಏನೂ ಇರಲಿಲ್ಲ. ಆ ದೂರವನ್ನು ಇಟ್ಟದ್ದು ಹಸೀಬಾಳೇ. ಮರುದಿನ ಶುಕ್ರವಾರ, ಗಂಡ ಹಕೀಂ ಜುಮಾ ನಮಾಜಿಗೆ ಹೋದ ಹೊತ್ತಿಗೆ, ಅವಳು ಫೋನ್ ಮಾಡಿದಳು. ಮಕ್ಕಳು, ಮಂಡಿನೋವು, ಊರಿನ ಮನೆ ಎಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದಳು.

"ಆ ದಿನ ಇವ್ಲಿನ್ ಬಾಯಿ ಕೇಳಿದಾಗ ನಾನು ಬಾಯಿ ಬಿಡಲಿಲ್ಲ ಸಾರಾ. ನಿನ್ನ ಕ್ಲಾಸು ಹೋದದ್ದು ಅದರಿಂದಲೇ."

"ಎಂತ ಹೇಳ್ತೀ ನೀನು" ಎಂದಳು ಸಾರಮ್ಮ. "ನೀನು ಎದ್ದು ನಿಂತಿದ್ದಿ. ಕತ್ತರಿ ನನ್ನದು ಬಾಯಿ ಅಂದಿ. ಅವರು ನಿನಗೆ ಕೂತುಕೋ ಅಂತ ಗದರಿಸಿದರು."

"ಇಲ್ಲ ಮಾರಾಯ್ತಿ."

"ಹೌದು ಮಾರಾಯ್ತಿ. ನನ್ನ ಮಕ್ಕಳಿಗೆಲ್ಲ ಹೇಳಿದ್ದೇನೆ ಈ ಕತೆ. ಮತ್ತೆ ಕ್ಲಾಸು ನಾನು ಬಿಟ್ಟದ್ದು ಅದಕ್ಕಲ್ಲ. ಉಮ್ಮನಿಗೆ ಕಾಮಾಲೆ ಆಗಿತ್ತಲ್ಲ, ಮನೆಯಲ್ಲಿ ಅಡಿಗೆಗೆ ಜನ ಇರಲಿಲ್ಲ."

ಕಾಮಾಲೆಯ ವಿಷಯ ಹಸೀಬಾಗೆ ನೆನಪೇ ಇರಲಿಲ್ಲ. ಹೇಳಿದ ಮೇಲೆ ನೆನಪಾಯಿತು. ತಾನೇ ಮದ್ದಿಗೆ ನೆಲನೆಲ್ಲಿ ಅರೆದು ಕೊಂಡುಹೋಗಿದ್ದದ್ದು ಕೂಡ. ಆದರೆ ಎದ್ದು ನಿಂತದ್ದು ನೆನಪಾಗಲಿಲ್ಲ. ಕಣ್ಣು ಮುಚ್ಚಿದರೆ ಮೆಶಿನಿನ ಕಪ್ಪು ಚಕ್ರ, ಅದರ ಮೇಲೆ ಕಿಟಕಿಯ ಬೆಳಕು, ಅಷ್ಟೇ ಕಾಣುತ್ತಿತ್ತು. ಸಾರಮ್ಮ ತನ್ನನ್ನು ಸಮಾಧಾನ ಮಾಡಲು ಹೇಳಿದಳೋ? ಇಷ್ಟು ಬೇಗ, ಯೋಚಿಸದೆ, ಮಕ್ಕಳಿಗೆ ಹೇಳಿದ್ದೇನೆ ಎಂದು ಸುಳ್ಳು ಹುಟ್ಟುತ್ತದೆಯೇ? ಇಲ್ಲ, ಎದ್ದು ನಿಂತವಳು ಬೇರೆ ಯಾರೋ ಇದ್ದು, ಸಾರಮ್ಮ ಅವಳಿಗೆ ಹಸೀಬಾಳ ಮುಖ ಅಂಟಿಸಿಕೊಂಡಳೋ? ಏನೂ ನೋಡದ ಹದಿನೈದರ ಹುಡುಗಿಯೊಬ್ಬಳು ಅದನ್ನೇ ಬರೆದದ್ದು ಹೇಗೆ?

ಊಟಕ್ಕೆ ಬಂದ ಹಕೀಂ ಎಲ್ಲವನ್ನೂ ಕೇಳಿ, "ಒಳ್ಳೆದೇ ಅಲ್ವಾ, ಖಲಾಸ್" ಎಂದ. ಒಳ್ಳೆಯದೇ ಇರಬಹುದು. ಆದರೆ ಅಷ್ಟು ವರ್ಷ ನಾಚಿಕೆಪಟ್ಟದ್ದು ಯಾವುದಕ್ಕೆ ಎಂದು ಅವಳಿಗೆ ಈಗ ತಿಳಿಯದಾಯಿತು. ಮುಗಿಯಿತು ಅನ್ನಲು ಬರಲಿಲ್ಲ.

ಶನಿವಾರ ಸೌಮ್ಯಶ್ರೀ ಬಂದಾಗ ಹಸೀಬಾ ಹೇಳಿದಳು: "ಹುಡುಗಿ ಎದ್ದು ನಿಂತಿರಲಿ. ಬಾಯಿ ತೆರೆದೇ ಇರಲಿ. ಗುಳ್ಳೆಯೊಳಗಿನ ಮಾತು ಮಾತ್ರ ಅಳಿಸು."

"ಏನೂ ಬರೆಯುದು ಬೇಡ್ವಾ?"

"ಬೇಡ. ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ ಮಗಾ. ಇದ್ದವಳಿಗೇ ಗೊತ್ತಿಲ್ಲ, ನೀನು ಹೇಗೆ ಬರೀತಿ."

ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. ಅವಳಿಗೆ ಇಷ್ಟವಾಗಲಿಲ್ಲ ಎಂದು ಮುಖ ಹೇಳುತ್ತಿತ್ತು. ಆದರೂ ರಬ್ಬರು ಕೇಳಿದಳು. ವಿಕ್ಟೋರಿಯಾ ಬಾಯಿ ಡ್ರಾಯರಿನಿಂದ ಒಂದನ್ನು ಹುಡುಕಿ ಕೊಟ್ಟಳು.

ಮೇಳದ ದಿನ ಕುಸುಮಳೇ ಕಾರಿನಲ್ಲಿ ಹಸೀಬಾಳನ್ನು ಕರೆದುಕೊಂಡು ಹೋದಳು. ಮಾಲಿನ ಎರಡನೇ ಮಹಡಿಯ ಹಾಲಿನಲ್ಲಿ ಬಣ್ಣದ ಕೂದಲಿನ ಹುಡುಗಿಯರು, ಬೆನ್ನಿಗೆ ರಟ್ಟಿನ ರೆಕ್ಕೆ ಕಟ್ಟಿಕೊಂಡವರು, ಲೇಸಿನ ಫ್ರಾಕಿನ ಮೇಲೆ ಹಿಜಾಬು ಸುತ್ತಿಕೊಂಡ ಇಬ್ಬರು ಒಮಾನಿ ಅಕ್ಕತಂಗಿಯರು. ಅಬಾಯಾ ಉಟ್ಟ ಹಸೀಬಾಳ ಬಳಿ ಒಬ್ಬಳು ಬಂದು, ನೀವು ಯಾವ ಕತೆಯವರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹಸೀಬಾ ಕುಸುಮಳ ಮುಖ ನೋಡಿದಳು. "ಟೈಲರ್" ಎಂದಳು ಕುಸುಮ. ಹುಡುಗಿ ಮೆಚ್ಚಿದವಳ ಹಾಗೆ ತಲೆಯಾಡಿಸಿ ಫೋಟೋ ಹೊಡೆದುಕೊಂಡು ಹೋದಳು.

ಸೌಮ್ಯಶ್ರೀಯ ಮೇಜಿನ ಮುಂದೆ ದೊಡ್ಡ ಜನವೇನೂ ಇರಲಿಲ್ಲ. ಬಂದವರು ಜೇಬಿನ ಪುಟದಲ್ಲಿ ನಗುತ್ತಿದ್ದರು, ಎದ್ದು ನಿಂತವಳ ಪುಟ ಬಂದಾಗ ತಡೆದು ನಿಲ್ಲುತ್ತಿದ್ದರು. ಇವಳು ಏನು ಹೇಳುತ್ತಿದ್ದಾಳೆ ಎಂದು ಕೇಳುತ್ತಿದ್ದರು. ಮೊದಮೊದಲು ಸೌಮ್ಯಶ್ರೀ ಗೊತ್ತಿಲ್ಲ ಅನ್ನುತ್ತಿದ್ದಳು. ಆಮೇಲೆ, ನೀವು ಏನು ಅಂದುಕೊಳ್ತೀರಿ ಎಂದು ತಿರುಗಿ ಕೇಳತೊಡಗಿದಳು. ಪಕ್ಕದ ಕುರ್ಚಿಯಲ್ಲಿ ಕೂತ ಹಸೀಬಾ ಪ್ರತಿಯೊಬ್ಬರ ಉತ್ತರವನ್ನೂ ಮೈಯೆಲ್ಲ ಕಿವಿಯಾಗಿ ಕೇಳಿದಳು. ಒಬ್ಬಳು, "ಅವಳು ಸಾರಿ ಕೇಳ್ತಿದ್ದಾಳೆ" ಎಂದಳು. ಇನ್ನೊಬ್ಬ, ಕತ್ತರಿ ವಾಪಸು ಕೊಡಿ ಅನ್ನುತ್ತಿರಬೇಕು ಎಂದ. ಎಲ್ಲವೂ ಸರಿಯೆಂದೇ ಕಂಡಿತು. ಯಾವುದೂ ಪೂರ್ತಿ ಸರಿಯೆಂದು ಕಾಣಲಿಲ್ಲ.

ಸಂಜೆ ಹಸೀಬಾ ಆ ಪುಟದ ಫೋಟೋ ತೆಗೆದು, ಅಂಗಡಿಗೆ ಬರುವ ಹುಡುಗಿ ಬಿಡಿಸಿದ್ದೆಂದು ಬರೆದು ಸಾರಮ್ಮನಿಗೆ ಕಳಿಸಿದಳು. ಮಸ್ಕತ್ತಿಗೆ ಯಾವಾಗ ಬರುತ್ತಿ ಎಂದು ಕೇಳಬೇಕೆಂದಿತ್ತು, ಬರೆದು ಅಳಿಸಿ ಮತ್ತೆ ಬರೆದಳು. ಉತ್ತರ ಬೇಗನೆ ಬಂತು. ಜನವರಿಯಲ್ಲಿ ಫೆರ್ರಿ ಹತ್ತಿ ಬರುತ್ತೇನೆ, ನಿನ್ನ ಪಕ್ಕದಲ್ಲಿ ಕೂತ ನನ್ನ ಮೂಗನ್ನು ಯಾಕೆ ಇಷ್ಟು ಉದ್ದ ಬಿಡಿಸಿದ್ದಾಳೆ ಕೇಳು, ಎಂದಿತ್ತು ಅದರಲ್ಲಿ.