ಟವಲಿನಡಿಯ ಎಂಟು ಅಂಕಿ

ಶಿರಾದ ಕುರಿ ಸಂತೆಯಲ್ಲಿ ಹಫೀಜ್ ಚಾಚಾ ನಲವತ್ತು ವರ್ಷ ದಲ್ಲಾಳಿ. ಆಗ ಬೆಲೆಯನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಕೈಗಳ ಮೇಲೆ ಟವಲ್ ಹೊದಿಸಿ, ಒಳಗೆ ಬೆರಳು ಒತ್ತಿ ತಿಳಿಸಬೇಕು. ಸುತ್ತ ನೂರು ಜನ ನಿಂತರೂ ಗುಟ್ಟು ಇಬ್ಬರದೇ. ಆ ಟವಲಿನ ಇನ್ನೊಂದು ಬದಿಗೆ ಬಹುಪಾಲು ಇರುತ್ತಿದ್ದದ್ದು ತಿರುಮಣಿಯ ಸಂಜೀವಯ್ಯನವರ ಕೈ. ಬೆಲೆ ಕುದುರಿದ ಮೇಲೂ ಕೊನೆಗೆ ಒಂದು ಬೆರಳು ಹೆಚ್ಚಿಗೆ ಒತ್ತುವುದು ಅವರ ಚಾಳಿ. ಆ ದಿನಗಳನ್ನು ನೆನೆದರೆ ಚಾಚಾಗೆ ಈಗಲೂ ಕಣ್ಣು ತುಂಬುತ್ತದೆ. ಕೇಳಿದರೆ ದೂಳು ಅನ್ನುತ್ತಾರೆ.

ಹೋದ ವರ್ಷ, ಸಂತೆಯ ಪಕ್ಕ ಮೊಬೈಲ್ ಅಂಗಡಿ ನಡೆಸುವ ನಾನು ಕುರಿಯವರಿಗೆಲ್ಲ ಒಂದು ಆ್ಯಪ್ ಹಾಕಿಕೊಟ್ಟೆ. ನಡುವೆ ಕಂಪನಿಯಿಲ್ಲ, ಮಾತು ಫೋನಿನಿಂದ ಫೋನಿಗೇ ಹೋಗುತ್ತದೆ. ಪ್ರತಿ ಫೋನಿನೊಳಗೂ ಅದರದೇ ಡಿಜಿಟಲ್ ಕೀ, ಅದಕ್ಕೊಂದು ಎಂಟಂಕಿಯ ಗುರುತು. ಫೋನ್ ಬದಲಾದರೆ ಗುರುತೂ ಬದಲು. ಆಗ ಬಲ್ಲವರೊಬ್ಬರು ಖುದ್ದಾಗಿ ಅಂಕಿ ಕೇಳಿ, ಇವನೇ ಹೌದು ಎಂದು ಒಪ್ಪಬೇಕು. ಚಾಚಾ ಒಪ್ಪಿದವರನ್ನು ಗುಂಪೆಲ್ಲ ಒಪ್ಪುತ್ತಿತ್ತು.

ಈ ಬೇಸಿಗೆಯಲ್ಲಿ ಸಂಜೀವಯ್ಯನವರ ಗುರುತು ಬದಲಾಯಿತು. ದಿನಾ ಬರುತ್ತಿದ್ದ ಧ್ವನಿ ಸಂದೇಶ ನಿಂತು, ಅಚ್ಚುಕಟ್ಟಾದ ಬರಹ ಬರತೊಡಗಿತು. ಎಲ್ಲರೂ "ಒಪ್ಬುಡಿ ಚಾಚಾ" ಎಂದರು. ನಾನೂ ಅಂದೆ, ಈಗ ನಾಚಿಕೆಯಾಗುತ್ತದೆ.

"ಅವ್ನು ಇಷ್ಟು ಮರ್ಯಾದೆಯಾಗಿ ನನ್ನ ಯಾವತ್ತೂ ಮಾತಾಡ್ಸಿಲ್ಲ ಕಣಮ್ಮ. ಅಂಕೀನ ಅವನೇ ಹೇಳ್ಲಿ" ಎಂದು ಚಾಚಾ ಪಾವಗಡದ ಬಸ್ಸು ಹತ್ತಿದರು. ನಾನೂ ಹೊರಟೆ. ದಾರಿಯುದ್ದಕ್ಕೂ ಚಾಚಾ ಬೈದದ್ದು ಫೋನನ್ನು. ಹೆದರಿದ್ದು ಮಾತ್ರ, ಗೆಳೆಯ ತೀರಿಹೋಗಿ ಅವನ ಹೆಸರಲ್ಲಿ ಇನ್ನಾರೋ ಬರೆಯುತ್ತಿದ್ದಾರೇನೋ ಎಂದು.

ತಿರುಮಣಿಯಲ್ಲಿ, ಸೋಲಾರ್ ಪಾರ್ಕಿನ ಬೇಲಿಯ ಪಕ್ಕದ ಮನೆಯಲ್ಲಿ ಸಂಜೀವಯ್ಯನವರು ಹಾಸಿಗೆ ಹಿಡಿದಿದ್ದರು. ಮಗಳು ಜ್ಯೋತಿಲಕ್ಷ್ಮಿ ತಲೆ ತಗ್ಗಿಸಿದಳು.

"ಲಕ್ವ ಹೊಡ್ದು ಮಾತು ಹೋಗ್ಬುಡ್ತು ಚಾಚಾ. ಅವತ್ತೇ ಫೋನೂ ಬಿದ್ದು ಒಡೀತು. ಯಾರ್ಗೂ ಹೇಳ್ಬ್ಯಾಡ ಅಂತ ಅಪ್ಪ ಸನ್ನೆ ಮಾಡಿದ್ರು. ಇಷ್ಟ್ ದಿನ ನಾನೇ ಬರೀತಿದ್ದೆ. ಅಂಕೀನೂ ನಾನೇ ಓದ್ತೀನಿ."

"ನೀನ್ ಬ್ಯಾಡಮ್ಮ. ಒಂದು ಟವಲ್ ಕೊಡು."

ಅವಳು ಹೊಸ ಫೋನನ್ನು ಅಪ್ಪನ ಕಣ್ಣೆದುರು ಹಿಡಿದಳು. ಟವಲಿನೊಳಗೆ ಚಾಚಾರ ಬಲಗೈ ಮೇಲೆ ಅವರ ಎಡಗೈ ಮೆಲ್ಲಗೆ ಆಡಿತು. ಚಾಚಾ ಒಂದೊಂದೇ ಅಂಕಿ ಹೇಳುತ್ತ ಹೋದರು, ನಾನು ಚಾಚಾರ ಫೋನಿಗೆ ಬಂದಿದ್ದ ಹೊಸ ಗುರುತಿನೊಡನೆ ತಾಳೆ ನೋಡಿದೆ. ಏಳು ಅಂಕಿ ಸರಿ. ಎಂಟನೆಯದು ತಪ್ಪಿತು. ಎರಡು ಇರಬೇಕಾದ ಕಡೆ ಮೂರು.

"ಹೊಂದ್ತಿಲ್ಲ ಚಾಚಾ" ಎಂದೆ.

ಚಾಚಾರ ಕಣ್ಣಿಗೆ ಮತ್ತೆ ದೂಳು ಬಿತ್ತು. "ಇವನೇ ಕಣಮ್ಮ. ಕೊನೇಲಿ ಒಂದು ಹೆಚ್ಚಿಗೆ ಕೇಳ್ದೆ ಯಾವ ಯಾಪಾರ ಮುಗ್ಸಿದ್ದಾನೆ ಇವ್ನು? ಇಳ್ಸಲೇ ಸಂಜೀವ."

ಸಂಜೀವಯ್ಯನವರ ಅರ್ಧ ಬಾಯಿ ನಕ್ಕಿತು. ಟವಲಿನೊಳಗೆ ಒಂದು ಬೆರಳು ಇಳಿಯಿತು. ಚಾಚಾ ಎಡಗೈಯಲ್ಲೇ ಫೋನಿನಲ್ಲಿ ಒಪ್ಪಿಗೆ ಒತ್ತಿದರು. ಬಲಗೈಯನ್ನು ಗೆಳೆಯ ಇನ್ನೂ ಬಿಟ್ಟಿರಲಿಲ್ಲ.