ಬಾಣಂತಿ ಕುಡಿದ ಎಳನೀರು

ಮೊನ್ನೆ ಮಂಡ್ಯದ ಆಸ್ಪತ್ರೆಯಲ್ಲಿ ಕುಡಿಸಿದ ಔಷಧಿಯ ರುಚಿ ಇನ್ನೂ ನಾಲಿಗೆಯಿಂದ ಹೋಗಿಲ್ಲ. ಉಪ್ಪೂ ಅಲ್ಲ, ಕಹಿಯೂ ಅಲ್ಲ, ಹಿತ್ತಾಳೆ ಚೆಂಬು ನೆಕ್ಕಿದ ಹಾಗೆ. ಭೇದಿಯಾಗಿ ನನ್ನ ಕಾಲಿನ ಶಕ್ತಿಯೇ ಬಿದ್ದುಹೋಗಿತ್ತು. ಯಾಕೆ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ ಪಕ್ಕದಲ್ಲಿ ಕೂತು ಹೇಳಿದಳು. ಮೈಯೆಲ್ಲ ಕಣ್ಣಿಗೆ ಕಾಣದ ಜೀವಕೋಶಗಳಂತೆ, ಒಂದೊಂದಕ್ಕೂ ತೆಳ್ಳನೆಯ ಪೊರೆ. ಪೊಟ್ಯಾಸಿಯಂ ಅನ್ನುವ ಲವಣ ಪೊರೆಯ ಒಳಗೆ ಹೆಚ್ಚು, ಹೊರಗೆ ಕಡಿಮೆ. ಆ ಹೆಚ್ಚುಕಡಿಮೆಯಿಂದಲೇ ಅಲ್ಲಿ ಚೂರು ಕರೆಂಟು ನಿಂತಿರುತ್ತದಂತೆ. ಭೇದಿಯಲ್ಲಿ ಲವಣ ಹರಿದುಹೋಗಿ ಹೊರಗಿನದು ಇನ್ನೂ ಇಳಿದರೆ ಅಂತರ ಹಿಗ್ಗಿ, ನರ ಎಷ್ಟು ಕರೆದರೂ ಮಾಂಸಖಂಡ ಏಳುವುದಿಲ್ಲವಂತೆ. ನಮ್ಮ ಮನೆಗೆ ಕರೆಂಟು ಬರುವ ಮೊದಲೇ ನನ್ನ ಮೈಯಲ್ಲಿತ್ತು ಅಂದರೆ ನಿಮಗೆ ನಗು ಬರುತ್ತದೆ. ನಗಿ.

ನಕ್ಕಾಯಿತೆ? ಈಗ ಕೇಳಿ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನನ್ನನ್ನು ಮದ್ದೂರಿನ ಪಕ್ಕ ವೈದ್ಯನಾಥಪುರಕ್ಕೆ ಕೊಟ್ಟಿದ್ದರು. ತವರಿನಲ್ಲಿ ನೋಡಿಕೊಳ್ಳುವವರಿಲ್ಲದೆ ಬಾಣಂತನವೂ ಅತ್ತೆಯ ಮನೆಯಲ್ಲೇ. ಮಗ ಹುಟ್ಟಿ ತಿಂಗಳು ತುಂಬಿರಲಿಲ್ಲ, ಭೇದಿ ಹಿಡಿಯಿತು. ಅತ್ತೆ ಪಥ್ಯ ಬಿಗಿ ಮಾಡಿದರು: ಮೆಣಸಿನ ಕಷಾಯ, ಒಣ ಅನ್ನ, ಗುಟುಕು ನೀರು. ಭೇದಿ ನಿಂತರೂ ಕೈಕಾಲು ನನ್ನವಲ್ಲ ಅನ್ನುವಂತಾಯಿತು. ಮೊದಲು ಸೋಮಾರಿ ಅಂದರು, ಆಮೇಲೆ ಗಾಳಿ ಸೋಕಿದೆ ಅಂದರು, ದಾರ ಕಟ್ಟಿಸಿದರು. ಕೊನೆಗೆ ಅತ್ತೆ ತೀರ್ಮಾನ ಹೇಳಿದರು.

"ಎತ್ಕೊಳ್ಳಕ್ಕಾಗ್ದೋಳ್ಗೆ ಮಗ ಯಾಕಮ್ಮಿ? ದೊಡ್ಡೋಳ್ ಸಾಕ್ಲಿ ಬುಡು."

ದೊಡ್ಡೋಳು ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಮಕ್ಕಳಾಗಿರಲಿಲ್ಲ. ಒರಳುಕಲ್ಲಿಗೆ ಜಗಳವಾಡಿ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ಅವತ್ತು ಅಂಗಳದಲ್ಲಿ ಮದ್ದೂರಿಗೆ ಹೋಗುವ ಎಳನೀರು ರಾಶಿ ಬಿದ್ದಿತ್ತು. ನನಗೆ ಲವಣ ಗೊತ್ತಿಲ್ಲ, ಪೊರೆ ಗೊತ್ತಿಲ್ಲ. ಬಾಯಾರಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಕುಂಡಿ ಎಳೆದುಕೊಂಡು ಅಂಗಳಕ್ಕೆ ಬಂದು, ಒಂದು ಕೆತ್ತಿಕೊಡು ಅಂತ ಗಂಡನಿಗೆ ಹೇಳಿದೆ. ಬಾಣಂತಿ ಎಳನೀರು ಕುಡಿದರೆ ಹಾಲಿಗೆ ಶೀತ ಇಳಿದು ಕೂಸು ಸಾಯುತ್ತದೆ ಅಂತ ಅತ್ತೆ ಅಡ್ಡ ನಿಂತರು. ಗಂಡ ಮಚ್ಚು ಹಿಡಿದುಕೊಂಡು ಅವ್ವನ ಮುಖ ನೋಡಿದ. ಗಂಡಂದಿರು ನೋಡುವುದೇ ಅಲ್ಲಿಗೆ.

ಮಚ್ಚು ಕಿತ್ತುಕೊಂಡವಳು ಓರಗಿತ್ತಿ. ಕೆತ್ತಿ ನನ್ನ ಬಾಯಿಗೇ ಹಿಡಿದಳು.

"ಕುಡಿಯಮ್ಮಿ. ನಿನ್ ಮಗೀನ ನೀನೇ ಸಾಕು. ಕಿತ್ಕೊಂಡ್ ಮಗ ನಂಗ್ ಬ್ಯಾಡ."

ಕುಡಿದೆ. ಇನ್ನೊಂದು ಕೇಳಿದೆ. ದಿನಾ ಕೆತ್ತಿಕೊಟ್ಟಳು. ವಾರ ಕಳೆಯುವುದರೊಳಗೆ ಮಗನನ್ನು ನಾನೇ ಎತ್ತಿ ತೊಡೆಗೆ ಹಾಕಿಕೊಂಡೆ. ದಾರದ ಮಹಿಮೆ ಅಂದರು ಅತ್ತೆ. ಮುಂದೆ ಮಗನಿಗೆ ನೆಗಡಿ ಬಂದಾಗ ಮಾತ್ರ, ಬಂಜೆ ಹೊಟ್ಟೆಕಿಚ್ಚಿಗೆ ಕೂಸು ಸಾಯಲಿ ಅಂತ ಎಳನೀರು ಕುಡಿಸಿದಳು ಅಂತ ಊರೆಲ್ಲ ಹೇಳಿಕೊಂಡು ಬಂದರು. ನಾನು ಜಗಳಕ್ಕೆ ನಿಂತರೂ ಯಾರೂ ಕೇಳಲಿಲ್ಲ. ಆ ಕೆಟ್ಟ ಹೆಸರು ಹೊತ್ತೇ ಓರಗಿತ್ತಿ ತೀರಿಹೋದಳು. ಎಳನೀರಿನಲ್ಲೂ ಅದೇ ಪೊಟ್ಯಾಸಿಯಂ ಇದೆ ಅಂತ ಡಾಕ್ಟರಮ್ಮ ಹೇಳಿ ನನಗೆ ಗೊತ್ತಾಗಿದ್ದು ಮೊನ್ನೆ.

ನಿನ್ನೆ ಮನೆಗೆ ಬಂದೆ. ನೋಡಿಕೊಂಡು ಹೋಗಲು ಬಂದ ಹೆಂಗಸರು ಜಗಲಿಯಲ್ಲಿ ಕೂತಿದ್ದರು. ಎಳನೀರಿನ ಮಾತು ಬಂತು, ಒಬ್ಬಳು ಮತ್ತೆ ಅದೇ ಹಳೆಯ ಕಥೆ ಎತ್ತಿದಳು. ಪೊರೆ, ಲವಣ, ಕರೆಂಟು ಎಲ್ಲ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ನನಗೆ ಅರ್ಥವಾಗಿರುವುದೂ ಅಷ್ಟಕ್ಕಷ್ಟೆ. ಆಮೇಲೆ ತಲೆ ನರೆತ ನನ್ನ ಮಗನನ್ನು ಕರೆದೆ.

"ಕೇಳ್ಲಾ. ಹೆತ್ತೋಳು ನಾನು. ನಿನ್ನ ನನ್ ಕೈಗೆ ಉಳ್ಸ್ಕೊಟ್ಟೋಳು ನಿನ್ ದೊಡ್ಡವ್ವ. ಅವಳ್ನ ಬಯ್ಯೋರು ಈ ಜಗಲಿ ಹತ್ಬಾರ್ದು."

ಒಬ್ಬಳು ಎದ್ದು ಹೋದಳು. ಹೋಗಲಿ.