ಇಲಿಯ ಬೆನ್ನಿಗೆ ಬನಹಟ್ಟಿಯ ಕೆಂಪು

ಆಗ ನಮ್ಮ ಕಡೆಯ ಊರುಗಳಿನ್ನೂ ಮುಂಬೈ ರಾಜ್ಯದಲ್ಲಿದ್ದವು. ಯಾವ ರಾಸಾಯನಿಕದಿಂದ ಚರ್ಮದ ಕ್ಯಾನ್ಸರ್ ಬರುತ್ತದೆಂದು ಪರೀಕ್ಷಿಸುವ ಮುಂಬೈಯ ಪ್ರಯೋಗಾಲಯವೊಂದರಲ್ಲಿ ನನಗೆ ನೌಕರಿ. ನೇಕಾರರ ಬಣ್ಣ ತರಲು ಬನಹಟ್ಟಿಗೆ ಹೋದೆ. ನೂಲಿಗೆ ಬಣ್ಣ ಹಾಕುವ ಮಲ್ಲಪ್ಪನವರು ಮೊಣಕೈತನಕ ಕೆಂಪಾದ ಕೈ ಅಡ್ಡ ಹಿಡಿದು ಬಾಗಿಲಲ್ಲೇ ತಡೆದರು.

"ನಮ್ಮಪ್ಪ ಕಲಿಸಿದ ಹದಾ ಐತ್ರಿ ಇದು. ಯಾರಿಗೂ ಕೊಡೂದಿಲ್ಲ."

"ಹದಾ ನೀವ ಇಟ್ಗೋರಿ, ನನಗ ಒಂದು ಶೀಶೆ ಬಣ್ಣ ಸಾಕು. ಬಿಳಿ ಇಲಿ ಬೆನ್ನು ಬೋಳಿಸಿ, ವಾರಕ್ಕ ಎರಡು ಸಲ ಹಚ್ಚತೇವಿ. ಗಂಟು ಏಳತೈತೇನು ಅಂತ ತಿಂಗಳುಗಟ್ಟಲೆ ನೋಡತೇವಿ."

"ಚಾಷ್ಟಿ ಮಾಡಾಕತ್ತೀರೇನ್ರಿ?"

ಒಳಗಿಂದ ಅವರ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದರು. "ನಮ್ಮ ನೂಲು ಕಡಿಯೂ ಇಲಿಗೆ ಮುಂಬೈದಾಗ ಕ್ಷೌರಾ ಮಾಡತಾರಂತ! ಕೊಡ್ರಿ ಅವರಿಗೆ. ದಿನಾ ಅದರಾಗ ಕೈ ಅದ್ದೋರು ನೀವು, ಏನಾಗತೈತಿ ಗೊತ್ತರೆ ಆಗಲಿ."

ಶೀಶೆ ಸಿಕ್ಕಿತು. ಮರುವರ್ಷ ಮಲ್ಲಪ್ಪನವರಿಗೆ ಖುಷಿಯಿಂದ ಕಾಗದ ಬರೆದೆ: ಒಂದು ಇಲಿಗೂ ಗಂಟು ಎದ್ದಿಲ್ಲ. ವಾರದೊಳಗೆ ಕಾರ್ಡು ಬಂತು.

"ಸುದ್ದಿ ಕೇಳಿ ನಮ್ಮಾಕಿ ಓಣಿಗೆಲ್ಲಾ ಸಕ್ಕರಿ ಹಂಚ್ಯಾಳ್ರಿ. ಆದ್ರ ಮುಖ್ಯ ಮಾತ ನೀವು ಬರದೇ ಇಲ್ಲ. ಇಲಿ ತೊಳದ್ರ ಬಣ್ಣ ಹೋಗತೈತೋ, ನಿಲ್ಲತೈತೋ?"

ನಮ್ಮ ವರದಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬಾಗಿಲು ಹಾಕಿಕೊಂಡು ಒಂದು ಇಲಿಗೆ ಸಾಬೂನು ಹಚ್ಚಿ ತಿಕ್ಕಿದೆ. ಇಲಿ ಕಚ್ಚಿತು, ಬಣ್ಣ ಮಾತ್ರ ಬಿಡಲಿಲ್ಲ. "ನಿಂತೈತ್ರಿ" ಎಂದು ಬರೆದು ಹಾಕಿದೆ. ಇಡೀ ನೌಕರಿಯಲ್ಲಿ ನಾನು ಎದೆ ತಟ್ಟಿ ಹೇಳಬಲ್ಲ ಫಲಿತಾಂಶ ಅದೊಂದೇ.